ಲೈಡನ್ನಿನಲ್ಲಿ ಉಳಿದುಕೊಂಡವರು

ಇಂಗ್ಲಿಷರು ಎಂದರೆ ಪರನಾಡನ್ನು ಆಳಲು ಹೋದವರು ಎಂದೇ ನಮಗೆ ರೂಢಿ. ತಮ್ಮ ನಂಬಿಕೆಗಾಗಿ ಊರು ಬಿಟ್ಟು, ಪರದೇಶದಲ್ಲಿ ಮಗ್ಗದ ಮುಂದೆ ಕೂತ ಇಂಗ್ಲಿಷರೂ ಇದ್ದರು. ಅವರ ಜಾಡು ಹಿಡಿಯಬೇಕೆಂದರೆ ನೀವು ಹಾಲೆಂಡಿನ ಲೈಡನ್ ಪಟ್ಟಣಕ್ಕೆ ಹೋಗಬೇಕು. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ.

ಕಾಲುವೆಗಳನ್ನು ದಾಟಿ ನಡೆದರೆ ಪೀಟರ್ಸ್‌ಕೆರ್ಕ್ ಎಂಬ ಹಳೆಯ ಚರ್ಚು. ಅದರ ಹೊರಗೋಡೆಯ ಮೇಲೆ ಜಾನ್ ರಾಬಿನ್‌ಸನ್ ಎಂಬ ಪಾದ್ರಿಯ ನೆನಪಿನ ಫಲಕವಿದೆ. ಒಂದನೇ ಜೇಮ್ಸ್ ದೊರೆಯ ಕಾಲದಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಗುಂಪು ಇವರದು. 1608ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಬಂದು, ಅಲ್ಲಿಂದ ಸುಮಾರು ನೂರು ಮಂದಿ ಲೈಡನ್ನಿನಲ್ಲಿ ನೆಲೆಸಲು ಅನುಮತಿ ಕೇಳಿದರು. ಕಾನೂನಿಗೆ ತಲೆಬಾಗಿ ಪ್ರಾಮಾಣಿಕವಾಗಿ ಬಾಳುವವರನ್ನು ಬೇಡವೆನ್ನುವುದಿಲ್ಲ ಎಂದು 1609ರ ಫೆಬ್ರವರಿ 12ರಂದು ನಗರಸಭೆ ಉತ್ತರ ಕೊಟ್ಟಿತು.

ಹಳ್ಳಿಗಾಡಿನಿಂದ ಬಂದ ಅನೇಕರಿಗೆ ಇಲ್ಲಿ ಸಿಕ್ಕಿದ್ದು ಬಟ್ಟೆ ನೇಯುವ ಕೆಲಸ. ದುಡಿಮೆ ಹೆಚ್ಚು, ಆದಾಯ ಕಡಿಮೆ. ಇದಕ್ಕಿಂತ ದೊಡ್ಡದೊಂದು ಚಿಂತೆ ಹಿರಿಯರನ್ನು ಕಾಡುತ್ತಿತ್ತು. ಬೀದಿಯಲ್ಲಿ ಬೆಳೆಯುವ ಮಕ್ಕಳು ಡಚ್ಚರೇ ಆಗಿಬಿಟ್ಟರೆ ತಮ್ಮ ಭಾಷೆಯ ಗತಿಯೇನು? ಮುಂಬಯಿ, ಪುಣೆಗಳಲ್ಲಿ ಮಕ್ಕಳನ್ನು ಬೆಳೆಸಿದ ನಿಮಗೆ ಈ ಚಿಂತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1620ರಲ್ಲಿ ಒಂದು ಪಾಲು ಜನ ಹೊರಟು ಇಂಗ್ಲೆಂಡಿನ ದಾರಿಯಾಗಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕ ಸೇರಿದರು. ಅವರ ಕಥೆ ಲೋಕಕ್ಕೆಲ್ಲ ಗೊತ್ತು.

ಆದರೆ ಹೆಚ್ಚಿನವರು ಲೈಡನ್ನಿನಲ್ಲೇ ಉಳಿದರು. ರಾಬಿನ್‌ಸನ್ ಕೂಡ ಉಳಿದು 1625ರಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಇದೇ ಚರ್ಚಿನಲ್ಲಿ. ಮಿಕ್ಕವರು ಮೆಲ್ಲಮೆಲ್ಲನೆ ಡಚ್ಚರಲ್ಲಿ ಬೆರೆತುಹೋದರು.

ಇವರನ್ನು ಇಂದು ಹುಡುಕುವುದು ಹೇಗೆ? ಅವರ ಸಭೆಯ ದಾಖಲೆ ಪುಸ್ತಕಗಳು ಉಳಿದಿಲ್ಲ. ಪುಣ್ಯಕ್ಕೆ, ಮದುವೆ ಚರ್ಚಿನ ಕೆಲಸವಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ಹಾಗಾಗಿ ನಗರದ ಅಧಿಕಾರಿಗಳ ಮುಂದೆ ಮದುವೆಯಾದರು, ಆ ವಿವರ ನಗರದ ಪುಸ್ತಕದಲ್ಲಿ ಉಳಿಯಿತು. ನಿಶ್ಚಿತಾರ್ಥದ ದಾಖಲೆಯಲ್ಲಿ ವರನ ಕಸುಬು, ಹುಟ್ಟಿದ ಊರು, ಸಾಕ್ಷಿಗಳ ಹೆಸರು ಸಿಗುತ್ತವೆ. ಡಚ್ ಗುಮಾಸ್ತ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಕಣ್ಣಿಗೆ ಅಪರಿಚಿತವಾದ ಹೆಸರನ್ನು ಬಾಯಿಬಿಟ್ಟು ಓದಿದರೆ ಒಳಗಿನ ಇಂಗ್ಲಿಷ್ ಹೆಸರು ಹೊರಬರುವುದುಂಟು. ಇಂದಿನಿಂದ ಹಿಂದಕ್ಕೆ ಹುಡುಕುವವರು 1811ರವರೆಗೆ ಸರ್ಕಾರಿ ಜನನ ಮರಣ ದಾಖಲೆಗಳಲ್ಲಿಯೂ, ಅದಕ್ಕೂ ಹಿಂದೆ ಚರ್ಚು ಮತ್ತು ನಗರದ ಹಳೆಯ ಪುಸ್ತಕಗಳಲ್ಲಿಯೂ ನೋಡಬೇಕು.

ಭಾಷೆ ಹೋಯಿತು, ಹೆಸರಿನ ಕಾಗುಣಿತ ಬದಲಾಯಿತು. ನಾನೂರು ವರ್ಷದ ಮೇಲೂ ವಂಶದ ಎಳೆ ಸಿಗುತ್ತಿರುವುದು ಗುಮಾಸ್ತನೊಬ್ಬ ಹುಟ್ಟಿದ ಊರಿನ ಹೆಸರನ್ನು ಕೇಳಿ ಬರೆದಿಟ್ಟದ್ದರಿಂದ. ನಿಮ್ಮ ಅಜ್ಜ ಯಾವ ಊರಿನಿಂದ ಹೊರಟುಬಂದರು ಎಂಬುದನ್ನು ಮೊಮ್ಮಕ್ಕಳಿಗಾಗಿ ಎಲ್ಲಾದರೂ ಬರೆದಿಟ್ಟಿದ್ದೀರಾ?