ಭಿನ್ನರಾಶಿಗೆ ಹಿಂಬಡ್ತಿ

ನಿವೃತ್ತಿಯಾದ ಮರುವರ್ಷ ನನಗೆ ಸಂಖ್ಯಾಶಾಸ್ತ್ರ ಕಲಿಯುವ ಹುಚ್ಚು ಹಿಡಿಯಿತು. ಆನ್‌ಲೈನ್ ಕೋರ್ಸೊಂದಕ್ಕೆ ಹೆಸರು ಕೊಟ್ಟೆ. “ಇದು ನಿಮ್ಮ ಮಟ್ಟ ನೋಡ್ಕೊಂಡು ಪಾಠ ಹೇಳುತ್ತೆ ಅಪ್ಪಾ” ಅಂದಳು ಮಗಳು. ಒಳ್ಳೆಯದೇ ಆಯಿತು, ಇಷ್ಟು ವರ್ಷ ಆ ಕೆಲಸವನ್ನು ಅವಳಮ್ಮ ಒಬ್ಬಳೇ ಮಾಡಿಕೊಂಡು ಬಂದಿದ್ದಳು.

ಮೂರನೇ ದಿನ ಸಂಭವನೀಯತೆಯ ಲೆಕ್ಕ ಬಿಡಿಸುತ್ತ ಕೂತಿದ್ದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ನಾನು ಅತ್ತ ಓಡಿದ್ದೇ ತಡ, ಐದು ವರ್ಷದ ಮೊಮ್ಮಗ ಇತ್ತ ಬಂದು ಸಾಲಾಗಿ ನಾಲ್ಕು ಪ್ರಶ್ನೆಗಳಿಗೆ ತನಗೆ ಚೆಂದ ಕಂಡ ಉತ್ತರ ಒತ್ತಿಬಿಟ್ಟ. ಬಂದು ನೋಡುತ್ತೇನೆ, ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟು ಅಂತ ಪರದೆ ಕೇಳುತ್ತಿದೆ! ಬ್ಯಾಂಕಿನಲ್ಲಿ ಮೂವತ್ತು ವರ್ಷ ಬಡ್ಡಿ ಲೆಕ್ಕ ಹಾಕಿದವನಿಗೆ ಭಿನ್ನರಾಶಿಗೆ ಹಿಂಬಡ್ತಿ.

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಪ್ರತಿ ಉತ್ತರ ಬಿದ್ದ ಮೇಲೂ ‘ಇವನಿಗೆ ಇದು ಬಂದಿದೆಯೋ ಇಲ್ಲವೋ’ ಎಂಬ ಅಂದಾಜನ್ನು ತಿದ್ದಿಕೊಳ್ಳುವುದೇ ಅದರ ಕಸುಬು. 1995ರಲ್ಲಿ ಕಾರ್ಬೆಟ್ ಮತ್ತು ಆಂಡರ್ಸನ್ ಎಂಬ ಇಬ್ಬರು ಹಾಕಿಕೊಟ್ಟ ಸೂತ್ರದಲ್ಲಿ, ಬಾರದವನು ಊಹಿಸಿ ಸರಿ ಹೇಳಬಹುದು, ಬಂದವನೂ ಕೈತಪ್ಪಿ ತಪ್ಪು ಒತ್ತಬಹುದು ಎಂಬುದಕ್ಕೆಲ್ಲ ಜಾಗ ಉಂಟು. ಮೊಮ್ಮಗನಿಗೆ ಮಾತ್ರ ಇಲ್ಲ.

ಇದೆಲ್ಲ ನಿನ್ನೆ ಮೊನ್ನೆಯದಲ್ಲ. 1953ರಲ್ಲಿ ಹಾರ್ವರ್ಡ್‌ನ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳ ಗಣಿತದ ತರಗತಿಗೆ ಹೋಗಿ ಕೂತರು. ಲೆಕ್ಕ ಮುಗಿಸಿದ ಮಗು ಸುಮ್ಮನೆ ಕೂತಿದೆ, ಬಾರದ ಮಗು ಪೆನ್ಸಿಲ್ ಕಚ್ಚುತ್ತಿದೆ, ಸರಿಯೋ ತಪ್ಪೋ ಇಬ್ಬರಿಗೂ ಆಗಲೇ ತಿಳಿಯುವ ಹಾಗಿಲ್ಲ. ಪಾರಿವಾಳಗಳನ್ನೇ ಪಳಗಿಸಿದ್ದ ಮನುಷ್ಯ, ಸುಮ್ಮನಿದ್ದಾರೆಯೆ? ಕಲಿಸುವ ಯಂತ್ರವನ್ನು ಕಟ್ಟಿಯೇಬಿಟ್ಟರು.

ಅವರು ನಮ್ಮ ಕಡೆಯ ಹಳೆಯ ಕೂಲಿಮಠ ಕಂಡಿದ್ದರೆ ಏನನ್ನುತ್ತಿದ್ದರೋ. ಒಬ್ಬರೇ ಅಯ್ಯನವರು. ಒಬ್ಬ ಹುಡುಗ ಮರಳಿನಲ್ಲಿ ಅಕ್ಷರ ತೀಡುತ್ತಿದ್ದರೆ ಪಕ್ಕದವನು ಮಗ್ಗಿ ಒಪ್ಪಿಸುತ್ತಿದ್ದ, ಬಂದವನು ಬಾರದವನಿಗೆ ಹೇಳಿಕೊಡುತ್ತಿದ್ದ. ಮದರಾಸಿನಲ್ಲಿ ಇಂಥದ್ದೇ ಮರಳಪಾಠ ನೋಡಿದ ಪಾದ್ರಿ ಆಂಡ್ರೂ ಬೆಲ್, 1797ರಲ್ಲಿ ಅದರ ಬಗ್ಗೆ ಪುಸ್ತಕ ಬರೆದು ಇಂಗ್ಲೆಂಡಿನ ಶಾಲೆಗಳಿಗೂ ಹಬ್ಬಿಸಿದರು. ಪೇಟೆಂಟ್ ಇಲ್ಲದಿದ್ದುದಕ್ಕೆ ನಮ್ಮ ಅಯ್ಯನವರಿಗೆ ದಕ್ಕಿದ್ದು ಕೊಟ್ಟವರು ಕೊಟ್ಟಷ್ಟು ಅಕ್ಕಿ, ಬೇಳೆ.

ಎಲ್ಲಿದ್ದೆ? ಹಾಂ, ಆನ್‌ಲೈನ್ ಕೋರ್ಸು. 2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಆನ್‌ಲೈನಿನಲ್ಲಿ ಬಿಟ್ಟಿ ತೆರೆದಾಗ ಸುಮಾರು 1,60,000 ಜನ ನುಗ್ಗಿದರು. ಕಾಲೇಜುಗಳ ಕಥೆ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಕೊನೆ ಮುಟ್ಟಿದವರು ಸುಮಾರು 23,000. ನಮ್ಮಲ್ಲಿ 2017ರಿಂದ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ ಇದೆ, ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಅದಕ್ಕೂ ಹಳೆಯದು. ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ‘ಸ್ವಯಂ’ನಿಂದ ಪಡೆಯಬಹುದೆಂದು ಯುಜಿಸಿಯೇ 2021ರಲ್ಲಿ ಒಪ್ಪಿದೆ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಪ್ರೊಫೆಸರರನ್ನು ದುಪ್ಪಟ್ಟು ವೇಗದಲ್ಲಿ ಓಡಿಸುತ್ತ ಚಿತ್ರಾನ್ನ ತಿನ್ನುತ್ತಾನೆ. ವಾರದ ಅಸೈನ್‌ಮೆಂಟಿನ ಉತ್ತರ ವಾಟ್ಸಾಪಿನಲ್ಲಿ ಬಂದಿರುತ್ತದೆ. ಕೊನೆಯ ಪರೀಕ್ಷೆಗೆ ಮಾತ್ರ ಕೇಂದ್ರಕ್ಕೇ ಹೋಗಿ ಕೂರಬೇಕು. ಅಲ್ಲಿ ಚಿತ್ರಾನ್ನವೂ ಇಲ್ಲ, ವಾಟ್ಸಾಪೂ ಇಲ್ಲ.

ಅರುವತ್ತು ಜನರ ತರಗತಿಯಲ್ಲಿ ಹಿಂದಿನ ಬೆಂಚಿನವನ ಹೆಸರೂ ಗೊತ್ತಿಲ್ಲದ ಮೇಷ್ಟ್ರಿಗಿಂತ ಯಂತ್ರ ವಾಸಿ, ನನಗೆ ಅನುಮಾನವಿಲ್ಲ. ಆದರೆ ನಮ್ಮ ಪಿಯುಸಿ ಗಣಿತದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, “ಏನಯ್ಯಾ, ಊಟ ಮಾಡ್ಕೊಂಡು ಬಂದಿಲ್ವಾ?” ಎಂದು ಕೇಳಿದ್ದು ನನ್ನ ತಪ್ಪು ಉತ್ತರ ನೋಡಿ ಅಲ್ಲ, ಮುಖ ನೋಡಿ. ಪಾಠ, ಅಭ್ಯಾಸ, ತಿದ್ದುವಿಕೆ ಎಲ್ಲ ಯಂತ್ರ ವಹಿಸಿಕೊಳ್ಳಲಿ. ಕಾಲೇಜು ಉಳಿಯುವುದಾದರೆ ಹೀಗೆ ಕೇಳುವವರಿಂದಲೇ ಉಳಿದೀತು.

ಅಂದಹಾಗೆ, ಆ ಭಿನ್ನರಾಶಿಯ ಹತ್ತು ಲೆಕ್ಕ ಮುಗಿಸದೆ ಮುಂದಕ್ಕೆ ಬಿಡಲಿಲ್ಲವಾದ್ದರಿಂದ ಮಾರನೆಯ ದಿನ ಮಾಡಿದೆ. ಮೂರು ತಪ್ಪಾದವು. ಮೊಮ್ಮಗ ಆಗ ಶಾಲೆಗೆ ಹೋಗಿದ್ದ.