ಸದ್ದು ಮಾಡುವ ತಗಡು

ಕಾಮರ್ಸ್ ಓದುವವಳಿಗೆ ಟರ್ಬೊ ವಿಷಯ ಯಾಕೆ ಎಂದು ಗೆಳತಿಯರು ನಕ್ಕರು. ನನಗೆ ಅದು ಮನೆಯ ವಿಷಯ. ಅಬ್ಬಾ ಹಾಸನದಿಂದ ಮಂಗಳೂರಿಗೆ ತರಕಾರಿ ಒಯ್ದು, ಬರುವಾಗ ಮೀನು ತುಂಬಿಕೊಂಡು ಶಿರಾಡಿ ಘಾಟಿ ಹತ್ತುತ್ತಾರೆ. ಗಾಡಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್. ಸಾಲದ ಕಂತು ಇನ್ನೂ ಇದೆ. ಮನೆಯ ರೇಷನ್, ನನ್ನ ಕಾಲೇಜು ಫೀಸು ಎಲ್ಲವೂ ಅದರ ದುಡಿಮೆಯಿಂದಲೇ.

ಇಂಜಿನ್‌ನಿಂದ ಹೊರಹೋಗುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಇಂಜಿನ್‌ಗೆ ಹೆಚ್ಚು ಗಾಳಿ ನೂಕುತ್ತದೆ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸುಮ್ಮನೆ ಹೋಗುತ್ತಿದ್ದ ಶಾಖ ಕೆಲಸಕ್ಕೆ ಬಂತು. ಆದರೆ ಲೋಡ್ ಹೊತ್ತು ಘಾಟಿ ಹತ್ತುವಾಗ ಆ ಹೊಗೆಯ ಬಿಸಿ 600 ಡಿಗ್ರಿ ದಾಟಬಹುದು. ಪಕ್ಕದಲ್ಲೇ ಹೋಗುವ ಸಾಮಾನ್ಯ ವೈರಿನ ಪ್ಲಾಸ್ಟಿಕ್ ಹೊದಿಕೆ ಸುಮಾರು 100 ಡಿಗ್ರಿಗೇ ಸೋಲುತ್ತದೆ.

ಕಳೆದ ರಜೆಯಲ್ಲಿ ಮೆಕ್ಯಾನಿಕ್ ಆಗಿರುವ ಮಾಮು ಬಾನೆಟ್ ಎತ್ತಿದರು. ನಾನು ಟಾರ್ಚ್ ಹಿಡಿದಿದ್ದೆ. ಟರ್ಬೊ ಹತ್ತಿರದ ವೈರುಗಳು ಕಂದಾಗಿದ್ದವು, ಒಂದು ರಬ್ಬರ್ ಪೈಪು ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಟರ್ಬೊ ಮೇಲಿರಬೇಕಾದ ತಗಡಿನ ಹೀಟ್ ಶೀಲ್ಡ್ ಇರಲೇ ಇಲ್ಲ. "ಬೋಲ್ಟ್ ಸಡಿಲವಾದರೆ ಇದು ಗಲಗಲ ಅನ್ನುತ್ತೆ. ಕಿರಿಕಿರಿ ಅಂತ ಜನ ಬಿಚ್ಚಿ ಎಸೀತಾರೆ" ಎಂದರು ಮಾಮು. ಗಟ್ಟಿಯಾದ ಪೈಪು ಬಿರುಕು ಬಿಟ್ಟು ಆಯಿಲ್ ಆ ಕಾದ ಲೋಹದ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಅಬ್ಬಾ ಮಾತಾಡಲಿಲ್ಲ. ಘಾಟಿಯನ್ನು ಅವರು ಹೆಚ್ಚಾಗಿ ರಾತ್ರಿ ಒಬ್ಬರೇ ಹತ್ತುತ್ತಾರೆ.

"ಗರ್ಮಿ ಕಿದರ್ ಜಾರೀ ಸೋ ದೇಖ್" ಎಂದರು ಮಾಮು ನನಗೆ. ಬಿಸಿ ಎತ್ತ ಹೋಗುತ್ತಿದೆ ನೋಡು ಎಂದು. ಶಾಲೆಯಲ್ಲಿ ಓದಿದ ಉಷ್ಣವಿಕಿರಣ ಅಲ್ಲಿತ್ತು. ಕಾದ ಲೋಹ ಮುಟ್ಟದೆಯೇ ಎದುರಿನ ವಸ್ತುವನ್ನು ಸುಡುತ್ತದೆ. ಹೊಳೆಯುವ ತಗಡು ಆ ಶಾಖವನ್ನು ಹಿಂದಕ್ಕೆ ತಿರುಗಿಸುತ್ತದೆ. ತಗಡಿಗೂ ಟರ್ಬೊಗೂ ನಡುವಿನ ಸಂದಿಯಲ್ಲಿ ಗಾಳಿ ಹರಿದು ಉಳಿದದ್ದನ್ನು ಒಯ್ಯುತ್ತದೆ. ಮಾಮು ಅದೇ ಮಾಡೆಲ್‌ನ ಶೀಲ್ಡ್ ಹುಡುಕಿ ತಂದು ಕೂರಿಸಿದರು. ಪೈಪು ಬದಲಾಯಿಸಿದರು. ಹಾಳಾದ ವೈರುಗಳ ಜಾಗಕ್ಕೆ ಹೊಸತು ಹಾಕಿ, ಬಿಸಿ ತಡೆಯುವ ಫೈಬರ್ ಕವರ್ ತೊಡಿಸಿ, ದೂರ ಸರಿಸಿ ಕ್ಲಿಪ್ ಹಾಕಿದರು. ಟರ್ಬೊಗೇ ಪಟ್ಟಿ ಸುತ್ತಿದರಾಗದೇ ಎಂದು ಕೇಳಿದೆ. ಬಿಸಿ ಒಳಗೇ ಉಳಿದು ಲೋಹ ಬಿರಿಯಬಹುದು, ಪಟ್ಟಿ ನೀರು ಹಿಡಿದರೆ ತುಕ್ಕು ಎಂದರು. ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಇಂಜಿನ್ ಆಫ್ ಮಾಡದೆ ಒಂದೆರಡು ನಿಮಿಷ ಓಡಲು ಬಿಡಿ ಎಂದು ಅಬ್ಬಾಗೂ ಹೇಳಿದರು. ತಕ್ಷಣ ಆಫ್ ಮಾಡಿದರೆ ಟರ್ಬೊ ಒಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ.

ಖರ್ಚು 2,600 ರೂಪಾಯಿ ಆಯಿತು. ಆ ತಿಂಗಳು ಅಮ್ಮಿಯ ಲೆಕ್ಕದ ಪುಸ್ತಕದಲ್ಲಿ ಉಳಿತಾಯ ಅಷ್ಟು ಕಡಿಮೆ. ಹತ್ತದೇ ಉಳಿದ ಬೆಂಕಿಯನ್ನು ಯಾವ ಖಾತೆಗೂ ಜಮಾ ಮಾಡಲಾಗದು, ಆದ್ದರಿಂದ ಇಂಥ ಖರ್ಚು ದಂಡ ಅನಿಸುತ್ತದೆ. ಆದರೆ ಅಕೌಂಟೆನ್ಸಿಯಲ್ಲಿ ನಾವು ಪ್ರುಡೆನ್ಸ್ ತತ್ವ ಓದುತ್ತೇವೆ: ಬರಬಹುದಾದ ನಷ್ಟಕ್ಕೆ ಮೊದಲೇ ಅವಕಾಶ ಮಾಡಿಡಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಆ ಸಾಲು ನನಗೆ ಬಾನೆಟ್ ಕೆಳಗೆ ಅರ್ಥವಾಯಿತು.

ನಮ್ಮ ಕಾಲೇಜಿನಲ್ಲಿ ಗಾಡಿ ಓಡಿಸಿಯೇ ಬದುಕುವ ಮನೆಗಳ ಮಕ್ಕಳು ಬಹಳ ಜನ ಇದ್ದೇವೆ. ಇಂಜಿನ್ ಕಡೆಯಿಂದ ತಗಡು ಗಲಗಲ ಅಂದರೆ ಮನೆಯವರಿಗೆ ಹೇಳಿ: ಗಾಡಿ ತಣ್ಣಗಾದ ಮೇಲೆ ಬೋಲ್ಟ್ ಬಿಗಿಸಲಿ, ತಗಡು ಬಿಚ್ಚುವುದು ಬೇಡ.