ಎಂಬತ್ತಾರರ ಲೆಕ್ಕ

ಅವ್ವನ ಸೊಂಟ ಮುರಿದಾಗ ನಾನು ಅತಿ ಹೆಚ್ಚು ಸಲ ಉತ್ತರಿಸಿದ ಪ್ರಶ್ನೆ "ವಯಸ್ಸೆಷ್ಟು?" ಎಂಬುದು. ಎಂಬತ್ತಾರು ಎಂದೊಡನೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಅರಳಿದ್ದು ಆಯುಷ್ಮಾನ್ ಕಾರ್ಡಿನ ಮೇಜಿನವರದೊಂದೇ. 70 ದಾಟಿದವರಿಗೆಲ್ಲ 2024ರ ಅಕ್ಟೋಬರಿನಿಂದ ಆ ಸೌಲಭ್ಯವಿದೆಯಷ್ಟೆ.

ಡೊಂಬಿವಲಿಯ ನಮ್ಮ ಬಿಡಾರದ ಬಚ್ಚಲಲ್ಲಿ ಆಕೆ ಜಾರಿದ್ದು ಶುಕ್ರವಾರ ಬೆಳಿಗ್ಗೆ. ತೊಡೆಯೆಲುಬಿನ ಕತ್ತು ಮುರಿದಿತ್ತು. ಮೂಳೆ ಡಾಕ್ಟರರು ಮರುದಿನವೇ ಆಪರೇಷನ್ ಮಾಡಲು ಸಿದ್ಧ. ಆದರೆ ಈ ವಯಸ್ಸಿಗೆ ಹೃದಯದ ಡಾಕ್ಟರರ ಒಪ್ಪಿಗೆ ಬೇಕು. ಅದಕ್ಕೆ ಎಕೋ ಬೇಕು. ಎಕೋ ತೆಗೆಯುವವರು ಬರುವುದು ಸೋಮವಾರ! ಇದು ಆಸ್ಪತ್ರೆಯ ಕಡೆಯ ತಡ. ನಮ್ಮ ಕಡೆಯದೂ ಕಡಿಮೆಯದಲ್ಲ.

ಗದಗಿನಿಂದ ಅಣ್ಣನ ಫೋನು: "ಈ ವಯಸ್ಸಿನ್ಯಾಗ ಅಕಿಗೆ ಯಾಕ ಕೊಯ್ಸೋದು? ಹಂಗ ಇರ್ಲಿ ಬಿಡು." ಹುಬ್ಬಳ್ಳಿಯ ಅಕ್ಕ, ತಾನು ಬರುವ ತನಕ ಸಹಿ ಹಾಕಬೇಡ ಎಂದಳು. ಮಕ್ಕಳು ಊರೂರಿಗೆ ಹಂಚಿಹೋದ ನಮ್ಮಂಥ ಮನೆಗಳಲ್ಲಿ ಒಂದು ಸಹಿಗೆ ಮೂರು ರೈಲು ಬರಬೇಕು.

ಹಂಗ ಇರ್ಲಿ ಎಂದರೆ ಏನೆಂದು ಹಾಸಿಗೆಯ ಪಕ್ಕ ಕೂತವರಿಗೆ ಗೊತ್ತು. ಅಲುಗಿದರೆ ನರಳಾಟ. ದಿನ ಕಳೆದಂತೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವುಗಳ ಭಯ. ಮಲಗಿದ ಒಂದೊಂದು ದಿನಕ್ಕೂ ಮುದಿ ದೇಹ ತೆರುವ ಬೆಲೆ ಹೆಚ್ಚು. ಇಂಗ್ಲೆಂಡಿನ 2011ರ ಮಾರ್ಗಸೂಚಿ, ಆಸ್ಪತ್ರೆ ಸೇರಿದ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆ ಆಗಬೇಕೆನ್ನುತ್ತದೆ. ಭಾರತವೂ ಸೇರಿದ್ದ 17 ದೇಶಗಳ 2,970 ರೋಗಿಗಳ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಸುಮಾರು 6 ತಾಸಿಗೆ ಮಾಡಿದರೂ 24 ತಾಸಿಗೆ ಮಾಡಿದರೂ ಸಾವಿನ ಪ್ರಮಾಣದಲ್ಲಿ ಅಂಥ ಅಂತರ ಕಾಣಲಿಲ್ಲ. ಬೇಗ ಆದವರಲ್ಲಿ ಮಾತ್ರ ಮತಿಭ್ರಮಣೆ ಕಡಿಮೆ, ಎದ್ದು ನಿಂತದ್ದೂ ಬೇಗ. ತಾಸುಗಳ ಮಾತು ಹಾಗಿರಲಿ, ನಮ್ಮಲ್ಲಿ ಎಣಿಕೆ ದಿನಗಳದು.

ಕಾಯಲು ನಿಜವಾದ ಕಾರಣಗಳೂ ಇರುತ್ತವೆ. ರಕ್ತ ತೆಳುವಾಗಿಸುವ ಗುಳಿಗೆ, ಎದೆಯ ಸೋಂಕು, ಏರಿದ ಸಕ್ಕರೆ, ಇವನ್ನು ಸರಿಪಡಿಸಬಹುದು. ವಯಸ್ಸನ್ನು? ಸೋಮವಾರದ ತನಕ ಕಾದರೆ ಎಂಬತ್ತಾರು ಎಂಬತ್ತೈದಾಗುತ್ತದೆಯೇ?

ಶನಿವಾರ ರಾತ್ರಿ ನನ್ನ ಹೆಂಡತಿ ಅವ್ವನನ್ನೇ ಕೇಳಿದಳು: "ಅತ್ತೀ, ನೀವೇನಂತೀರಿ?"

"ನಾ ಹೊಳ್ಳಿ ನನ್ನ ಕಾಲ ಮ್ಯಾಲ ಬಚ್ಚಲಿಗೆ ಹೋಗ್ಬೇಕವಾ. ಅಷ್ಟ."

ಭಾನುವಾರ ಕಾಗದಕ್ಕೆ ಅವಳೇ ಸಹಿ ಹಾಕಿದಳು, ಕೆಳಗೆ ನಾನು. ಸೋಮವಾರ ಬೆಳಿಗ್ಗೆ ಎಕೋ, ಸಂಜೆ ಆಪರೇಷನ್. ಮಂಗಳವಾರ ವಾಕರ್ ಹಿಡಿದು ನಾಲ್ಕು ಹೆಜ್ಜೆ. ಅಕ್ಕ ಕಲ್ಯಾಣದಲ್ಲಿ ಇಳಿದದ್ದು ಬುಧವಾರ.